ಉಸಿರಿನ ವಾಯಿದೆ

ಬಂಟ್ವಾಳದ ಬಿ.ಸಿ. ರೋಡಿನ ಒಂದು ಮೆಡಿಕಲ್ ಶಾಪ್. ನನ್ನ ಮುಂದೆ ನಿಂತಿದ್ದ ಅಜ್ಜಿ ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಹಳೇ ಪಟ್ಟಿಯೊಂದನ್ನು ಹೊರತೆಗೆದರು. ಹತ್ತರಲ್ಲಿ ನಾಲ್ಕು ಉಳಿದಿದ್ದವು. ಇದೇ ಬೇಕು, ಇನ್ನೊಂದು ಪಟ್ಟಿ ಕೊಡು ಎಂದರು. ಹುಡುಗ ಅದನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಅಂಚಿನಲ್ಲಿ ಒತ್ತಿದ್ದ ಅಂಕಿಗಳನ್ನು ಓದಿ, "ಅಜ್ಜೀ, ಉಂದು ಎಕ್ಸ್‌ಪೈರ್ ಆತ್ಂಡ್" ಎಂದು ತುಳುವಿನಲ್ಲಿ ಹೇಳಿದ.

ಅಜ್ಜಿಯ ಕೈ ಎದೆಗೆ ಹೋಯಿತು. "ಏರ್? ಏಪ?"

ಯಾರು? ಯಾವಾಗ? ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆಮೇಲೆ ನಾಚಿದೆ. ತಪ್ಪು ಅಜ್ಜಿಯದಲ್ಲ. ನಮ್ಮ ಕಡೆ ಆ ಇಂಗ್ಲಿಷ್ ಪದ ಬೆಳಗಿನ ಜಾವದ ಫೋನಿನಲ್ಲಿ ಬರುವಂಥದು: "ಅವರು ಎಕ್ಸ್‌ಪೈರ್ ಆದ್ರಂತೆ." ಸತ್ತರು ಎಂದರೆ ಒರಟಾಯಿತು, ನಿಧನರಾದರು ಎಂದರೆ ಪೇಪರ್ ಓದಿದಂತಾಯಿತು. ಹಾಗಾಗಿ ಹೆಣದ ಮೇಲೆ ಬಿಳಿ ಬಟ್ಟೆ ಹೊದಿಸಿದ ಹಾಗೆ ಒಂದು ಇಂಗ್ಲಿಷ್ ಪದ ಹೊದಿಸುತ್ತೇವೆ. ಮಾತ್ರೆಗೂ ಅದೇ ಬಟ್ಟೆ ಎಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ.

ನನಗೊಂದು ಚಟವಿದೆ, ನಿಘಂಟು ಓದುವುದು. ಅರ್ಥ ನೋಡುವುದಲ್ಲ, ಓದುವುದು. ಕೆಲವರು ಕಾದಂಬರಿ ಓದುವ ಹಾಗೆ, ಊಟದ ನಂತರ, ಕಾಲು ಚಾಚಿ. ಮನೆಯಲ್ಲಿ ಇದಕ್ಕೆ ಗೆದ್ದಲಿನ ಕೆಲಸ ಎಂದು ಹೆಸರು. ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದಕ್ಕೂ ಎಂಟು ವರ್ಷ ಮೊದಲು, 1886ರಲ್ಲಿ, ಅಲ್ಲೇ ಮ್ಯಾನರ್ ಅವರ ತುಳು ನಿಘಂಟು. ಆಮೇಲೆ ಉಡುಪಿಯಿಂದ ಯು.ಪಿ. ಉಪಾಧ್ಯಾಯರ ತುಳು ನಿಘಂಟಿನ ಆರು ಸಂಪುಟಗಳು. ಇಷ್ಟು ಪದಗಳು ನಮ್ಮ ಮನೆಯಿಂದ ಒಂದು ಬಸ್ಸಿನ ದೂರದಲ್ಲಿ ಹುಟ್ಟಿರುವಾಗ ಓದದೆ ಇರುವುದು ಹೇಗೆ? ನನ್ನ ಬಳಿ ಇರುವುದು ಕಿಟೆಲ್ಲರ ಮರುಮುದ್ರಣ. ಅದನ್ನು ಎತ್ತುವಾಗ ಸೊಂಟ ಜೋಪಾನ. ಒಮ್ಮೆ ಕಾಲ್ಬೆರಳ ಮೇಲೆ ಬಿದ್ದು, ಆಗ ನನ್ನ ಬಾಯಿಂದ ಬಂದ ಪದಗಳಲ್ಲಿ ಎರಡು ಅದರಲ್ಲೇ ಇವೆ, ಮತ್ತೆ ಹುಡುಕಿ ನೋಡಿದೆ.

ಈ ಚಟಕ್ಕೂ ಒಂದು ಕಸುಬಿನ ನಿಯಮವಿದೆ. ಬೇಕಾದ ಪದಕ್ಕೆ ನೇರವಾಗಿ ಹೋಗಬಾರದು. ಎರಡು ಪುಟ ಹಿಂದೆ ಇಳಿದು ನಡೆಯಬೇಕು, ಅಕ್ಕಪಕ್ಕದ ಮನೆಯವರನ್ನೆಲ್ಲ ಮಾತನಾಡಿಸಿಕೊಂಡು. ಒಂದು ಪದಕ್ಕೆಂದು ಹೊರಟವನು ಹತ್ತು ಹೊತ್ತುಕೊಂಡು ಬಂದು, ಹೊರಟದ್ದನ್ನು ಮರೆತಿದ್ದರೆ ಆ ದಿನ ಚೆನ್ನಾಗಿ ಹೋಯಿತು ಎಂದೇ ಲೆಕ್ಕ.

ಅಜ್ಜಿಯ ದೆಸೆಯಿಂದ ಆ ದಿನ ಎಕ್ಸ್‌ಪೈರ್ ಹಿಡಿದು ಹೊರಟೆ. ಅದರ ಅಜ್ಜನ ಮನೆ ಲ್ಯಾಟಿನ್. ಎಕ್ಸ್ ಎಂದರೆ ಹೊರಕ್ಕೆ, ಸ್ಪಿರಾರೆ ಎಂದರೆ ಉಸಿರಾಡು. ಎರಡೂ ಕೂಡಿದಾಗ ಎಕ್ಸ್ ತನ್ನ ಬಾಲದಲ್ಲಿದ್ದ ಸಕಾರದಿಂದ ಮುಂದಿನ ಸಕಾರವನ್ನು ನುಂಗಿತು. ಅದಕ್ಕೇ ಇನ್‌ಸ್ಪೈರ್, ಕಾನ್‌ಸ್ಪೈರ್‌ಗಳಲ್ಲಿ ಎದ್ದು ಕಾಣುವ ಸ್ಪೈರ್ ಇಲ್ಲಿ ಮುಖ ಮರೆಸಿಕೊಂಡಿದೆ. ನಮ್ಮ ಶಾಲೆಯ ಮೇಷ್ಟ್ರಾಗಿದ್ದರೆ ಲೋಪಸಂಧಿ ಎಂದು ಬೋರ್ಡಿನಲ್ಲಿ ಬರೆದುಬಿಡುತ್ತಿದ್ದರು. ಅಣ್ಣತಮ್ಮಂದಿರೆಲ್ಲ ಗಾಳಿಯ ವ್ಯಾಪಾರದವರೇ. ಕಿವಿಯೊಳಗೆ ಯಾರೋ ಉಸಿರೂದಿದರೆ ಸ್ಫೂರ್ತಿ. ನಾಲ್ವರು ಮುಖಕ್ಕೆ ಮುಖ ಕೊಟ್ಟು ಒಟ್ಟಿಗೆ ಉಸಿರಾಡಿದರೆ ಪಿತೂರಿ. ಪಂಚಾಯತ್ ಚುನಾವಣೆಯ ಹಿಂದಿನ ರಾತ್ರಿ ನಮ್ಮೂರ ಚಾ ಅಂಗಡಿಯ ಹಿಂಬದಿ ನೋಡಿದವರಿಗೆ ಈ ವ್ಯುತ್ಪತ್ತಿ ವಿವರಿಸಬೇಕಿಲ್ಲ.

ಉಸಿರು ಹೊರಬಿಡು, ಸಾಯಿ, ಮುಗಿ: ಮೂರು ಅರ್ಥವೂ ಲ್ಯಾಟಿನ್ನಿನಲ್ಲೇ ಇದ್ದವು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದ ಮೇಲೆ ಕೆಲವು ಶತಮಾನ ಮೂರೂ ಒಂದೇ ಸೂರಿನಡಿ ಬದುಕಿದವು. ನಿದ್ದೆಯಲ್ಲಿರುವ ಮಗುವೂ ಎಕ್ಸ್‌ಪೈರ್ ಆಗುತ್ತಿತ್ತು, ಅಂದರೆ ಹಾಯಾಗಿ ಉಸಿರು ಬಿಡುತ್ತಿತ್ತು. ಶೇಕ್ಸ್‌ಪಿಯರನ ರೋಮಿಯೋ ಶತ್ರುಗಳ ಮನೆಯ ಔತಣಕ್ಕೆ ಹೊರಡುವ ಮೊದಲು, ಈ ರಾತ್ರಿ ಶುರುವಾಗುವುದು ನನ್ನ ಆಯುಷ್ಯದ ಅವಧಿಯನ್ನು ಮುಗಿಸೀತು ಎಂದು ಅಂಜುತ್ತಾನೆ. ಅಲ್ಲಿ ಬಳಸುವುದು ಇದೇ ಪದವನ್ನು, ಅದೂ ಸಕರ್ಮಕವಾಗಿ, ಎದೆಯೊಳಗಿನ ಜೀವವೆಂದರೆ ಒತ್ತೆ ಇಟ್ಟ ಜಾಗವೋ ಎಂಬಂತೆ. ಉಸಿರೂ ವಾಯಿದೆಯೂ ಒಂದೇ ಪದದಲ್ಲಿ ಹೀಗೆ ಕೂತದ್ದನ್ನು ಕಂಡಾಗ ನಾನು ಪುಸ್ತಕ ಮುಚ್ಚಿ ಒಂದು ಎಲೆ ಅಡಿಕೆ ಹಾಕಿಕೊಂಡೆ.

ವಾಯಿದೆ ಎಂದಾಗ ನನ್ನ ಹಳೆಯ ಮೂರ್ಖತನವೊಂದು ನೆನಪಾಗುತ್ತದೆ. ವಾಯಿದೆಯಲ್ಲಿ ವಾಯು ಇದೆ, ಆದ್ದರಿಂದ ಕನ್ನಡದಲ್ಲೂ ಅವಧಿ ಮುಗಿಯುವುದೆಂದರೆ ಉಸಿರು ಮುಗಿಯುವುದೇ ಎಂದು ನಾನೊಂದು ಸಿದ್ಧಾಂತ ಕಟ್ಟಿ, ಬೆಳ್ತಂಗಡಿಯಲ್ಲಿ ಸ್ನೇಹಿತನ ಮನೆ ಜಗಲಿಯಲ್ಲಿ ಅರ್ಧ ಗಂಟೆ ಮಂಡಿಸಿದ್ದೆ. ಎಲ್ಲ ಕೇಳಿದ ಅವನ ಮಾವ, ಮದ್ರಸದಲ್ಲಿ ಕಲಿಸುವ ತಮ್ಮ ಗೆಳೆಯರೊಬ್ಬರನ್ನು ಕೇಳಲು ಹೇಳಿದರು. ಅರಬ್ಬಿಯ ವಅದ, ಅಂದರೆ ಕೊಟ್ಟ ಮಾತು, ಉರ್ದು ಮರಾಠಿಗಳ ದಾರಿಯಲ್ಲಿ ವಾಯಿದೆಯಾಗಿ ನಮ್ಮ ಪತ್ರಗಳಿಗೆ ಬಂದು ಕೂತಿತ್ತು. ವಾಯುವಿಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಗೆದ್ದಲಿನ ಕೆಲಸದಲ್ಲಿ ಇಂಥ ಪೆಟ್ಟು ಆಗಾಗ ಬೀಳುತ್ತಿರಬೇಕು, ಇಲ್ಲದಿದ್ದರೆ ಎಲ್ಲ ಮರವೂ ಟೊಳ್ಳಾಗಿಯೇ ಕಾಣುತ್ತದೆ.

ನಮ್ಮ ತಾಲೂಕುಗಳಲ್ಲಿ ಈ ಪದ ತೂಕದ್ದು. ಮೂಲಗೇಣಿಗೆ ವಾಯಿದೆ ಇಲ್ಲ, ತಲೆಮಾರಿನಿಂದ ತಲೆಮಾರಿಗೆ ಅದೇ ಗೇಣಿ. ಚಾಲಗೇಣಿಯವನ ಪಾಡು ಹಾಗಲ್ಲ. ಧಣಿ ಏಳು ಎಂದರೆ ಏಳಬೇಕು. ವರ್ಷದ ಕೊನೆಗೆ ಅಕ್ಕಿಮುಡಿ ಹೊತ್ತು ಧಣಿಯ ಅಂಗಳಕ್ಕೆ ಹೋದವನು ಜಗಲಿಯಿಂದ ಮಾತು ಬರುವ ತನಕ ಉಸಿರು ಹಿಡಿದು ನಿಲ್ಲುತ್ತಿದ್ದ. 1974ರ ಮಾರ್ಚ್ 1ರಂದು ಜಾರಿಯಾದ ಭೂಸುಧಾರಣೆ ತಿದ್ದುಪಡಿ ಆ ವಾಯಿದೆಯ ವಾಯಿದೆಯನ್ನೇ ಮುಗಿಸಿತು. ಗೇಣಿಯ ಭೂಮಿಗೆ ಡಿಕ್ಲರೇಶನ್ ಕೊಟ್ಟು ಬಂದ ರಾತ್ರಿ ನಮ್ಮಜ್ಜ ಬಿಟ್ಟ ನಿಟ್ಟುಸಿರಿಗೆ ಕಡತಗಳಲ್ಲಿ ಪದ ಇರಲಿಕ್ಕಿಲ್ಲ.

ಎಕ್ಸ್‌ಪೈರ್‌ಗೆ ಸರಿಹೊಂದುವ ನಮ್ಮ ಪದ ತೀರು. ಡಬ್ಬಿಯ ಅಕ್ಕಿ ತೀರುತ್ತದೆ, ಸೊಸೈಟಿಯ ಸಾಲ ತೀರುತ್ತದೆ, ಕೊನೆಗೆ ಸಾಲ ಮಾಡಿದವನೂ ತೀರಿಹೋಗುತ್ತಾನೆ. ತುಳುವಿನಲ್ಲೂ ಗೌರವದ ಮಾತು ಅದೇ, ತೀರ್ ಪೋಯೆರ್. ಇನ್ನೂ ಹಳೆಯದು ಮುಡಿಪು. ಶ್ರವಣಬೆಳಗೊಳದ ನಿಸಿಧಿ ಶಾಸನಗಳಲ್ಲಿ ವ್ರತ ಹಿಡಿದು ಆಹಾರ ಬಿಟ್ಟವರು ಸಾಯುವುದಿಲ್ಲ, ಮುಡಿಪುತ್ತಾರೆ: ಹಿಡಿದ ಕೆಲಸವನ್ನು ಕೊನೆಮುಟ್ಟಿಸುತ್ತಾರೆ. ಮೂಡುಬಿದಿರೆಗೆ ಹೋದವರೆಲ್ಲ 1430ರ ಸಾವಿರ ಕಂಬದ ಬಸದಿ ನೋಡಿ ವಾಪಸಾಗುತ್ತಾರೆ. ನಾನು ಕೊಡಂಗಲ್ಲಿನ ತನಕ ನಡೆಯುತ್ತೇನೆ. ಅಲ್ಲಿ ಜೈನ ಗುರುಗಳ ಸಮಾಧಿಗಳು, ಮುರಕಲ್ಲಿನ ಅಂತಸ್ತುಗಳು ಮೇಲೆ ಹೋದಂತೆ ಕಿರಿದಾಗುತ್ತಾ ಸಾಲಾಗಿ ನಿಂತಿವೆ. ಮಳೆಗಾಲದಲ್ಲಿ ಪಾಚಿಗಟ್ಟಿ ಹಸಿರಾಗುತ್ತವೆ. ಅಲ್ಲಿ ನಿಂತು ಎಕ್ಸ್‌ಪೈರ್ ಎಂದು ಹೇಳಿ ನೋಡಿ, ಬಾಯಿ ಒಪ್ಪುವುದಿಲ್ಲ. ಮುಡಿಪಿದರು ಎಂದರೆ ಒಪ್ಪುತ್ತದೆ. ಈಗ ಮುಡಿಪು ಎಂದರೆ ಹರಕೆಯ ಗಂಟು. ಧರ್ಮಸ್ಥಳದ ಮಂಜುನಾಥನಿಗೆಂದು ಬಟ್ಟೆಯ ತುಂಡಿನಲ್ಲಿ ನಾಣ್ಯ ಕಟ್ಟಿ ದೇವರ ಕೋಣೆಯಲ್ಲಿಡುತ್ತಾರಲ್ಲ, ಅದು. ಆ ಗಂಟನ್ನು ಈ ಮುಗಿತಾಯಕ್ಕೆ ಬಿಗಿಯುವ ಆಸೆ ನನಗೆ ಬಹಳ ದಿನದಿಂದ ಇದೆ. ವಾಯಿದೆಯ ಪೆಟ್ಟು ನೆನಪಿರುವುದರಿಂದ ಕೈಕಟ್ಟಿ ಕೂತಿದ್ದೇನೆ.

ಇಷ್ಟೆಲ್ಲ ಸುತ್ತಿ ಉಸಿರಿನ ಮನೆಗೆ ಬಂದರೆ ಅಲ್ಲಿ ಬೇರೆಯದೇ ಸಂಸಾರ. ತಮಿಳಿನ ಉಯಿರ್ ನಮ್ಮ ಉಸಿರು. ಅವರ ಪೆಯರ್ ನಮ್ಮ ಹೆಸರು. ಅವರ ವಯಿರು ನಮ್ಮ ಬಸಿರು. ಈ ಪದಗಳಲ್ಲಿ ಅವರ ಯಕಾರ ಇದ್ದಲ್ಲೆಲ್ಲ ನಮ್ಮದು ಸಕಾರ. ತುಳುವರು ಹೆಸರನ್ನು ಪುದರ್ ಮಾಡಿದರೂ ಉಸಿರನ್ನು ಉಸುಲು ಎಂದೇ ಉಳಿಸಿಕೊಂಡರು. ಅದಿರಲಿ, ನನಗೆ ಪ್ರಿಯವಾದದ್ದು ಬೇರೆ. ಹಳಗನ್ನಡದಲ್ಲಿ ಉಸಿರ್ ಕ್ರಿಯಾಪದವೂ ಹೌದು; ಅದಕ್ಕೆ ಉಸಿರಾಡು ಎನ್ನುವ ಅರ್ಥದ ಪಕ್ಕದಲ್ಲೇ ಹೇಳು, ನುಡಿ ಎಂಬ ಅರ್ಥ ಇದೆ. ನಡುಗನ್ನಡದ ಕವಿಗಳ ಉಸುರು ಅದೇ. ಬಿಟ್ಟ ಅದೇ ಉಸಿರಿನಲ್ಲಿ ಲ್ಯಾಟಿನ್ ಸಾವನ್ನು ಕಂಡಿತು, ಕನ್ನಡ ಮಾತನ್ನು ಕೇಳಿತು. "ಯಾರಲ್ಲೂ ಉಸಿರೆತ್ತಬೇಡ" ಎಂದು ಇವತ್ತೂ ಗುಟ್ಟು ಹೇಳುವಾಗ ನಾವು ಉಸಿರಾಡಬೇಡ ಎನ್ನುತ್ತಿಲ್ಲವಷ್ಟೆ.

ಕನ್ನಡದ ಉಸಿರು ಸಾವನ್ನೇ ಕಾಣದು ಎಂದೇನಲ್ಲ. ಪ್ರಾಣ ಬಿಟ್ಟ, ಅಸುನೀಗಿದ ಎನ್ನುವುದರಲ್ಲಿ ಗಾಳಿ ಹೊರಗೇ ಹೋಗುತ್ತದೆ. ಆದರೆ ಪತ್ರಿಕೆಗಳಲ್ಲಿ ದಿನವೂ ಓದುವ ಕೊನೆಯುಸಿರೆಳೆದರು ನೋಡಿ. ಎಳೆಯುವುದು ಒಳಕ್ಕಲ್ಲವೆ? ಒಳಗೆ ಎಳೆದುಕೊಂಡದ್ದನ್ನು ವಾಪಸು ಕೊಡದೆ ಹೋದರು ಎಂದಾಯಿತು. ಹೊರಟ ಬಸ್ಸಿಗೆ ಇನ್ನೊಂದು ಲೋಟ ಚಾ ಕುಡಿದೇ ಹತ್ತುವ ನಮ್ಮವರ ಸ್ವಭಾವ ಈ ಪದದಲ್ಲೂ ಇದೆಯೋ ಏನೋ.

ಬಿಡುವ ಉಸಿರಿನ ಪಾಠ ನನಗೆ ಮೊದಲು ಆದದ್ದು ಪಂಜೆಯವರಿಂದ. 1874ರಲ್ಲಿ ಇದೇ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ 'ತೆಂಕಣ ಗಾಳಿಯಾಟ'ವನ್ನು ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಬೇಕಿತ್ತು. ಒಂದೇ ದಮ್ಮಿಗೆ ಎಷ್ಟು ಸಾಲು ಎಂಬುದು ನಮ್ಮೊಳಗಿನ ಪಂದ್ಯ. ಅವರು ಊದಿದ ಗಾಳಿಗೆ ನಮ್ಮ ಪುಪ್ಪುಸ ಸಾಲುತ್ತಿರಲಿಲ್ಲ. ಕೊನೆಯ ಪಾಠ ಆದದ್ದು ಮೊನ್ನೆ, ಆಸ್ಪತ್ರೆಯಲ್ಲಿ. ಕೆಮ್ಮು ಬಿಡದೆ ಕಾಡಿದ್ದಕ್ಕೆ ಬಾಯಿಗೆ ಕೊಳವೆ ಕೊಟ್ಟು ಊದಿಸಿದರು. ಮೂಗಿಗೆ ಕ್ಲಿಪ್ಪು. "ಎಳೀರಿ, ಎಳೀರಿ, ಹಿಡೀರಿ, ಈಗ ಬಿಡಿ! ಬಿಡಿ ಬಿಡಿ ಬಿಡಿ, ಇನ್ನೂ ಬಿಡಿ!" ಆ ಹುಡುಗಿಯ ಉತ್ಸಾಹಕ್ಕೆ ಕಂಬಳದ ಕೋಣವೂ ಇನ್ನೊಂದು ಸುತ್ತು ಓಡುತ್ತಿತ್ತು. ಬಂದ ಕಾಗದದ ಮೊದಲ ಸಾಲುಗಳಲ್ಲೇ ಫೋರ್ಸ್ಡ್ ಎಕ್ಸ್‌ಪಿರೇಟರಿ ವಾಲ್ಯೂಮ್ ಎಂದಿತ್ತು. ಒಂದು ಸೆಕೆಂಡಿನಲ್ಲಿ ಬಲವಾಗಿ ಹೊರಹಾಕಿದ ಗಾಳಿಯ ಅಳತೆ. ಬೀದಿಯಲ್ಲಿ, ಬ್ಯಾಂಕಿನಲ್ಲಿ, ಲೈಸನ್ಸಿನ ಮೇಲೆ ಅರ್ಥ ಬದಲಿಸಿಕೊಂಡ ಪದ ಡಾಕ್ಟರರ ಬಳಿ ಮಾತ್ರ ಹುಟ್ಟಿದ ಅರ್ಥದಲ್ಲೇ ಬದುಕಿದೆ. ಸಂತೋಷದಿಂದ ಅದನ್ನು ಮನೆಯಲ್ಲಿ ಓದಿ ಹೇಳಿದೆ. "ಬಲವಂತದ ಎಕ್ಸ್‌ಪೈರಿಯಾ?" ಎಂದು ಹೆಂಡತಿ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತಳು.

ಅಜ್ಜಿಯ ಕತೆ ಅಂಗಡಿಯಲ್ಲಿಗೆ ಮುಗಿಯಲಿಲ್ಲ. ಹುಡುಗ ಹೊಸ ಪಟ್ಟಿ ಕೊಟ್ಟ, ಹಳೆಯದನ್ನು ಕಸದ ಡಬ್ಬಿಗೆ ಹಾಕಲು ಅಜ್ಜಿ ಬಿಡಲಿಲ್ಲ, ಎರಡನ್ನೂ ಸೆರಗಿಗೆ ಕಟ್ಟಿಕೊಂಡರು. ಸಿದ್ದಕಟ್ಟೆಯ ಮೇಲಾಗಿ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ನೋಡಿದರೆ ನನ್ನ ಮುಂದಿನ ಸೀಟಿನಲ್ಲಿ ಅವರೇ. ಕಂಡಕ್ಟರ್ ವಿಸಿಲ್ ಊದಿದ, ಬಸ್ಸು ಹೊರಟಿತು. ಪಕ್ಕದ ಹೆಂಗಸಿನ ಕಿವಿಗೆ ಬಾಗಿ ಅಜ್ಜಿ ಮೆಲ್ಲಗೆ ಉಸುರಿದರು:

"ಮಾತ್ರೆ ಸೈತ್ಂಡ್‌ಗೆ!"

ಮಾತ್ರೆ ಸತ್ತುಹೋಯಿತಂತೆ. ಇಬ್ಬರೂ ಬಾಯಿಗೆ ಸೆರಗು ಹಿಡಿದು, ಉಸಿರು ಕಟ್ಟುವ ಹಾಗೆ, ಸಿದ್ದಕಟ್ಟೆಯ ತನಕ ನಕ್ಕರು.