ರಾವುತನ ಬಿಲ್ಲು, ಮೇದರ ಬಿದಿರು

ತುಮಕೂರಿನಿಂದ ದೇವರಾಯನದುರ್ಗಕ್ಕೆ ಏರುವ ಹಾದಿಯ ಮಗ್ಗುಲಲ್ಲಿ, ಕಾಡಿನ ನೆರಳಿನಲ್ಲಿ, ನಾಮದ ಚಿಲುಮೆ ಇದೆ. ವನವಾಸದಲ್ಲಿದ್ದ ಶ್ರೀರಾಮನು ಹಣೆಗೆ ನಾಮವಿಡಲು ನೀರು ಕಾಣದೆ ಬಂಡೆಗೆ ಬಾಣ ಬಿಟ್ಟನಂತೆ. ಅಂಬು ನಾಟಿದ ಎಡೆಯಲ್ಲಿ ಚಿಲುಮೆ ಉಕ್ಕಿತಂತೆ. ಭಾನುವಾರ ಬುತ್ತಿ ಕಟ್ಟಿಕೊಂಡು ಬರುವ ಸಂಸಾರಗಳು ಆ ನೀರನ್ನು ಕಂಡು ಕೈಮುಗಿಯುತ್ತವೆ; ಮಕ್ಕಳಿಗೆ ಪಕ್ಕದ ಜಿಂಕೆವನವನ್ನು ತೋರಿಸುತ್ತವೆ. ಬಾಣದ ಕಥೆಯನ್ನು ಬಲ್ಲವರು ಅನೇಕರು. ಆದರೆ ಬಿಲ್ಲನ್ನು ಯಾವುದರಿಂದ ಮಾಡುತ್ತಿದ್ದರು, ಹೇಗೆ ಮಾಡುತ್ತಿದ್ದರು ಎಂದು ಹುಡುಗನೊಬ್ಬನು ಕೇಳಿದರೆ ಹಿರಿಯರು ಉತ್ತರಕ್ಕೆ ತಡಕಾಡಬೇಕಾಗುತ್ತದೆ.

ಉತ್ತರವನ್ನು ಕೌಟಿಲ್ಯನು ಎಂದೋ ಬರೆದಿಟ್ಟಿದ್ದಾನೆ. ಅರ್ಥಶಾಸ್ತ್ರದಲ್ಲಿ ಅವನು ಬಿಲ್ಲಿಗೆ ಹೇಳುವ ಸಾಮಗ್ರಿಗಳು ನಾಲ್ಕು: ತಾಳೆ, ಚಾಪ, ಮರ ಮತ್ತು ಕೊಂಬು. ಇವುಗಳಲ್ಲಿ ಚಾಪವೆಂದರೆ ಬಿದಿರಿನ ಒಂದು ಜಾತಿ. ಕಾವ್ಯಗಳಲ್ಲಿ ಬಿಲ್ಲಿಗೆ ಪರ್ಯಾಯವಾಗಿ ಬರುವ ಈ ಪದ, ಮೂಲದಲ್ಲಿ ಮೆಳೆಯೊಳಗೆ ಬೆಳೆದ ಬಿದಿರಿನ ಹೆಸರಾಗಿತ್ತು. ವಿಷ್ಣುವಿನ ಶಾರ್ಙ್ಗವೂ ಹೀಗೆಯೇ. ಶೃಂಗದಿಂದ, ಎಂದರೆ ಕೊಂಬಿನಿಂದ, ಆದುದು ಶಾರ್ಙ್ಗ. ಪುರಾಣದ ಹೆಸರುಗಳಲ್ಲಿ ಕುಶಲಕರ್ಮಿಯ ಕೊಟ್ಟಿಗೆಯ ವಾಸನೆ ಇನ್ನೂ ಉಳಿದಿದೆ.

ಬಿಲ್ಲುಗಳಲ್ಲಿ ಎರಡು ಕುಲ. ಕಾಲಾಳಿನ ಬಿಲ್ಲು ಆಳುದ್ದದ್ದು; ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸನು ಕಂಡ ಭಾರತೀಯ ಯೋಧರು ಬಿಲ್ಲಿನ ತುದಿಯನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿ ಹೆದೆಯೆಳೆಯುತ್ತಿದ್ದರು. ಕುದುರೆಯ ಮೇಲೆ ಕುಳಿತ ರಾವುತನಿಗೆ ಆ ಅನುಕೂಲವಿಲ್ಲ. ಅವನು ಬಿಲ್ಲನ್ನು ಎಡದಿಂದ ಬಲಕ್ಕೆ, ಕುದುರೆಯ ಕತ್ತಿನ ಮೇಲೆ ಹಾಯಿಸಬೇಕು. ಉದ್ದವಾದರೆ ಅದು ತೊಡೆಗೋ ಜೀನಿಗೋ ತಗಲುತ್ತದೆ. ಆದುದರಿಂದ ಅವನ ಬಿಲ್ಲು ಗಿಡ್ಡ, ತುದಿಗಳು ಹೊರಕ್ಕೆ ಬಾಗಿದವು. ಗಿಡ್ಡ ಬಿಲ್ಲನ್ನು ಕಿವಿಯವರೆಗೆ ಎಳೆದರೆ ಮರ ಮುರಿಯುತ್ತದೆ. ಹಾಗೆಂದೇ ಮಧ್ಯ ಏಷ್ಯದ ಕುಶಲಿಗಳು ಮರದ ಒಳಮೈಗೆ ಕೊಂಬನ್ನೂ ಹೊರಮೈಗೆ ಪ್ರಾಣಿಗಳ ಸ್ನಾಯುವಿನ ನಾರನ್ನೂ ಅಂಟಿನಿಂದ ಬೆಸೆದರು. ಎಳೆದಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ಕುಗ್ಗುವುದನ್ನು ಕೊಂಬು ತಾಳಿಕೊಳ್ಳುತ್ತದೆ, ಹಿಗ್ಗುವುದನ್ನು ನಾರು.

ಈ ಬಿಲ್ಲಿನ ಪೆಟ್ಟು ಕನ್ನಡನಾಡಿಗೆ ಅಪರಿಚಿತವಲ್ಲ. ವಿಜಯನಗರದ ಇಮ್ಮಡಿ ದೇವರಾಯನು (1424-1446) ಬಹಮನಿಗಳೆದುರು ತನ್ನ ಸೇನೆ ಸೋಲುವುದೇಕೆಂದು ಮಂತ್ರಾಲೋಚನೆ ನಡೆಸಿದಾಗ, ಅವರ ಕುದುರೆಗಳು ಬಲಿಷ್ಠ, ಅವರ ಬಿಲ್ಲುಗಾರರು ನಿಪುಣರು ಎಂಬ ಉತ್ತರ ಬಂದಿತಂತೆ. ಆ ಮೇಲೆ ಅರಸನು ಮುಸಲ್ಮಾನ ಬಿಲ್ಲುಗಾರರನ್ನು ನೇಮಿಸಿಕೊಂಡು, ಅರವತ್ತು ಸಾವಿರ ಹಿಂದೂ ಸೈನಿಕರನ್ನೂ ಬಿಲ್ವಿದ್ಯೆಯಲ್ಲಿ ಪಳಗಿಸಿದನೆಂದು ಫೆರಿಷ್ತಾ ಬರೆಯುತ್ತಾನೆ. ತುಮಕೂರಿನ ದುರ್ಗಕ್ಕೆ ಹೆಸರು ಬಂದುದು ಈ ದೇವರಾಯನಿಂದಲ್ಲ, ಅದನ್ನು ಗೆದ್ದುಕೊಂಡ ಮೈಸೂರಿನ ಚಿಕ್ಕದೇವರಾಜ ಒಡೆಯರಿಂದ.

ಆದರೂ ರಾವುತನ ಬಿಲ್ಲಿಗೆ ನಮ್ಮ ನಾಡು ಪೂರ್ತಿಯಾಗಿ ಒಗ್ಗಲಿಲ್ಲ. ಒಳ್ಳೆಯ ಕುದುರೆಗಳು ಕಡಲು ದಾಟಿ ಬರಬೇಕಾಗಿತ್ತು. ಮಳೆಗಾಲದ ತೇವಕ್ಕೆ ಅಂಟು ಬಿಡುತ್ತಿತ್ತು. ಮನೆಯಲ್ಲಿ ಅಂಥ ಬಿಲ್ಲು ಮಾಡುವೆನೆಂಬ ಆಸಕ್ತನಿಗೆ ಇಂದೂ ಇವೇ ಅಡ್ಡಿಗಳು. ಅಂಟು ಪದರ ಪದರವಾಗಿ ಒಣಗಲು ತಿಂಗಳುಗಳೇ ಬೇಕು. ಇಲ್ಲಿ ನೆರವಿಗೆ ಬರುವುದು ಬಿದಿರು. ಬಿದಿರಿನ ಗಟ್ಟಿನಾರುಗಳೆಲ್ಲ ಸಿಪ್ಪೆಯ ಬಳಿಯಲ್ಲಿಯೇ ದಟ್ಟೈಸಿರುತ್ತವೆ. ಸ್ನಾಯುವಿನ ಕೆಲಸವನ್ನು ಆ ಸಿಪ್ಪೆಯೇ ಮಾಡುತ್ತದೆ. ಇದು ಬಡವನ ಉಪಾಯ ಮಾತ್ರವಲ್ಲ. ಕೊರಿಯದ ಹೆಸರಾಂತ ಕೊಂಬಿನ ಬಿಲ್ಲಿನ ತಿರುಳು ಬಿದಿರು. ಜಪಾನಿನ ಸವಾರರು ಓಡುವ ಕುದುರೆಯಿಂದ ಗುರಿಯಿಟ್ಟು ಹೊಡೆಯುವ ಏಳಡಿಗೂ ಮೀರಿದ ಬಿಲ್ಲಿನ ಎರಡು ಮೈಯೂ ಬಿದಿರು. ಅಷ್ಟುದ್ದದ ಬಿಲ್ಲು ಕುದುರೆಗೆ ತಗಲದಂತೆ ಅವರು ಹಿಡಿಯನ್ನು ನಡುವಿನಲ್ಲಿಡದೆ ಕೆಳಗಿನ ಮೂರರಲ್ಲೊಂದು ಪಾಲಿನ ಬಳಿ ಇಟ್ಟರು!

ಬಿದಿರಿನ ಗುಣವನ್ನು ಬಲ್ಲವರು ಮೇದರು. ಹನ್ನೆರಡನೆಯ ಶತಮಾನದ ಶರಣ ಮೇದರ ಕೇತಯ್ಯನ ಕಾಯಕವೇ ಇದು. ಮೊರ, ಬುಟ್ಟಿ, ಏಣಿ, ತಟ್ಟಿಗಳನ್ನು ಮಾಡುವ ಕೈಗಳು ಬೊಂಬನ್ನು ತಟ್ಟಿ, ಸದ್ದು ಕೇಳಿಯೇ ಬಲಿತದ್ದು ಯಾವುದು, ಎಳೆಯದು ಯಾವುದು ಎಂದು ಹೇಳಬಲ್ಲವು. ಮೂರು ನಾಲ್ಕು ವರ್ಷ ಬಲಿತ, ಒಳಟೊಳ್ಳು ಕಿರಿದಾದ ಗಟ್ಟಿ ಬಿದಿರು ಬಿಲ್ಲಿಗೆ ಯೋಗ್ಯ. ಮಳೆ ನಿಂತ ಮೇಲೆ ಕಡಿದದ್ದಕ್ಕೆ ಹುಳು ಕಡಿಮೆ. ರಸದೊಳಗಿನ ಸಿಹಿಗೇ ಹುಳು ಬರುವುದು. ದುರ್ಗದ ಕಾಡಿಗೆ ಮಚ್ಚು ಹಿಡಿದು ಹೋಗುವ ಸಾಹಸ ಮಾತ್ರ ಸಲ್ಲದು. ಕಾಡಿನ ಬಿದಿರಿಗೆ ಅರಣ್ಯದ ಕಾನೂನು ಇದೆ. ತೋಟದ ಬೇಲಿಯಲ್ಲಿ ಬೆಳೆದ ಬಿದಿರಿಗಾದರೋ, 2017ರ ತಿದ್ದುಪಡಿಯಿಂದ ಆ ಕಟ್ಟು ಸಡಿಲವಾಗಿದೆ. ಮೇದರ ಅಂಗಡಿಯಲ್ಲಿ ಕೊಳ್ಳುವುದು ಎಲ್ಲಕ್ಕಿಂತ ಸುಲಭ; ಬಿದಿರಿನೊಡನೆ ಬುದ್ಧಿಮಾತೂ ದೊರೆಯುತ್ತದೆ. ಪ್ಲಾಸ್ಟಿಕ್ ಬುಟ್ಟಿ, ಪ್ಲಾಸ್ಟಿಕ್ ಮೊರಗಳು ಬಂದ ಮೇಲೆ ಆ ಮಾತನ್ನು ಕೇಳಲು ಹೋಗುವವರು ವಿರಳವಾಗಿದ್ದಾರೆ.

ಬೊಂಬನ್ನು ನೆರಳಿನಲ್ಲಿ ಒಣಗಿಸಿ, ಸೀಳಿ, ನಾಲ್ಕೂವರೆ ಅಡಿ ಉದ್ದದ ಒಂದು ದಬ್ಬೆಯನ್ನು ಆರಿಸಿಕೊಳ್ಳಬೇಕು. ನಡುವೆ ಒಂದೂವರೆ ಅಂಗುಲ ಅಗಲವಿದ್ದು, ತುದಿಗಳತ್ತ ಅರ್ಧ ಅಂಗುಲಕ್ಕೆ ಇಳಿಯಬೇಕು. ಸಿಪ್ಪೆಯ ಮೈ ಗುರಿಯ ಕಡೆಗೆ, ಒಳಮೈ ಬಿಲ್ಲುಗಾರನ ಕಡೆಗೆ. ಕೆತ್ತುವುದು, ಕೀಸುವುದು ಎಲ್ಲವೂ ಒಳಮೈಯಲ್ಲಿಯೇ. ಸಿಪ್ಪೆಗೆ ಉಳಿ ತಾಗಿದರೆ ಬಿಲ್ಲು ಅಲ್ಲಿಯೇ ಸೀಳುತ್ತದೆ. ಗೆಣ್ಣುಗಳ ಉಬ್ಬನ್ನು ಅರದಿಂದ ಮೆಲ್ಲಗೆ ಸವರಬಹುದು. ಅದರ ಅರ್ಧದಷ್ಟು ಉದ್ದದ ಎರಡನೆಯ ದಬ್ಬೆಯನ್ನು ಒಳಮೈಗೆ ಅಂಟಿಸಿ ದಾರದಿಂದ ಬಿಗಿಯಬೇಕು. ಲಾರಿಯ ಕೆಳಗಿನ ಕಮಾನುಪಟ್ಟಿಗಳ ಯುಕ್ತಿಯೂ ಇದೇ. ಕಮಾನು ಎಂಬ ಪಾರಸಿ ಮಾತಿಗೆ ಬಿಲ್ಲೆಂದೇ ಅರ್ಥವಲ್ಲವೆ? ನಡುವೆ ನಾಲ್ಕಂಗುಲದ ಮರದ ತುಂಡೊಂದನ್ನು ಕೂಡಿಸಿದರೆ ಹಿಡಿ ಸಿದ್ಧ.

ತುದಿಗಳನ್ನು ಬಾಗಿಸುವುದು ಬೆಂಕಿಯ ಕೆಲಸ. ಅಗ್ಗಿಷ್ಟಿಕೆಯ ಕೆಂಡದ ಮೇಲೆ ತುದಿಯ ಆರಂಗುಲವನ್ನು ತಿರುಗಿಸುತ್ತ ಕಾಯಿಸಿದರೆ ಬಿದಿರು ಬೆವರಿದಂತೆ ಮಿರುಗುತ್ತದೆ. ಆ ಹದದಲ್ಲಿ, ಮರದ ಅಚ್ಚಿಗೆ ಒತ್ತಿ, ಸಿಪ್ಪೆಯ ಕಡೆಗೆ ಬಾಗಿಸಿ, ಆರುವವರೆಗೆ ಕಟ್ಟಿಡಬೇಕು. ಆತುರಪಟ್ಟರೆ ಬಿರುಕು, ತಡಮಾಡಿದರೆ ಕರಕಲು. ಎರಡು ತುದಿಗಳೂ ಒಂದೇ ಓಟದಲ್ಲಿ ಬಾಗದಿದ್ದರೆ ಹೆದೆ ಪಕ್ಕಕ್ಕೆ ಜಾರುತ್ತದೆ.

ಕೊನೆಯ ಕೆಲಸವೇ ಕಷ್ಟದ್ದು. ಬಿಲ್ಲಿಗೆ ಹದ ತರುವುದು. ಗಟ್ಟಿ ದಾರದ ಹೆದೆ ಕಟ್ಟಿ, ಬಿಲ್ಲಿನ ಹಿಡಿಯನ್ನು ಗೋಡೆಯ ಗೂಟಕ್ಕೆ ಆನಿಸಿ, ಮೊದಲ ದಿನ ಹೆದೆಯನ್ನು ನಾಲ್ಕಾರು ಅಂಗುಲ ಮಾತ್ರ ಎಳೆದು ನೋಡಬೇಕು. ಒಂದು ತೋಳು ಹೆಚ್ಚು ಬಾಗಿ ಇನ್ನೊಂದು ಬಿರುಸಾಗಿದ್ದರೆ, ಬಿರುಸಾದ ತೋಳಿನ ಒಳಮೈಯನ್ನು ಗಾಜಿನ ಚೂರಿನಿಂದ ಕೀಸಬೇಕು. ಮತ್ತೆ ಎಳೆದು ಮತ್ತೆ ನೋಡಬೇಕು. ತೆಗೆದದ್ದನ್ನು ಮತ್ತೆ ಅಂಟಿಸಲಾಗದು. ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಹೆದೆಗೆ ಹಾಕಿ ಎಳೆದಾಗ ಹತ್ತು ಕಿಲೋ ತೋರಿಸಿದರೆ ಹೊಸಬನಿಗೆ ಸಾಕು. ಹಿಡಿಯಿಂದ ಹೆದೆಗೆ ಇರಬೇಕಾದ ಅಂತರವೆಂದರೆ, ಮುಷ್ಟಿ ಕಟ್ಟಿ ಹೆಬ್ಬೆರಳನ್ನೆತ್ತಿದಷ್ಟು. ಅಂಬಿಲ್ಲದೆ ಹೆದೆಯೆಳೆದು ಬಿಡಬಾರದು. ಅಂಬಿಗೆ ಹೋಗಬೇಕಾದ ಬಲ ಬಿಲ್ಲನ್ನೇ ಒಡೆಯುತ್ತದೆ.

ದೇವರಾಯನದುರ್ಗದ ಸೀಮೆಯಲ್ಲಿ ಹುಟ್ಟಿದ ಶಿಂಷಾ ಹೊಳೆ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ಸೀಮೆಯ ಮಾರ್ಕೋನಹಳ್ಳಿ ಜಲಾಶಯಕ್ಕೆ ಇಳಿಯುತ್ತದೆ. ಬಿಲ್ಲಿನ ಕಥೆಯನ್ನು ಅರಸುವವನೂ ಅದೇ ದಿಕ್ಕಿನಲ್ಲಿ ನಡೆಯಬೇಕು. ಅಡಿಕೆ, ತೆಂಗುಗಳ ಗುಬ್ಬಿಯಲ್ಲಿ ಕಾಣುವುದು ಬಿಲ್ಲಿನ ಇನ್ನೊಂದು ರೂಪ. 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಈ ಊರಿನದು; ಅದನ್ನು ನಾಡಿನಾದ್ಯಂತ ಬೆಳಗಿಸಿದ ಗುಬ್ಬಿ ವೀರಣ್ಣನವರ (1891-1972) ಊರೂ ಇದೇ. ಅವರ 'ಕುರುಕ್ಷೇತ್ರ' ನಾಟಕದಲ್ಲಿ ಸಾಕ್ಷಾತ್ ಆನೆ ಕುದುರೆಗಳು ರಂಗದ ಮೇಲೆ ಬರುತ್ತಿದ್ದವು. ರಂಗದ ಬಿಲ್ಲಿನ ಕೆಲಸ ಕಾಣುವುದು. ಹಿಂದಿನ ಸಾಲಿನ ಪ್ರೇಕ್ಷಕನಿಗೂ ಅದು ಗಾಂಡೀವವೆನಿಸಿದರೆ ಗೆದ್ದಂತೆ, ಅದು ಬಾಗಬೇಕಾಗಿಲ್ಲ. ಮನೆಯಲ್ಲಿ ಮಾಡಿದ ಬಿಲ್ಲಿಗೆ ಬಣ್ಣವಿಲ್ಲ, ಬೇಗಡೆಯಿಲ್ಲ. ಆದರೆ ಅದು ಬಾಗಿ ಮತ್ತೆ ನೆಟ್ಟಗಾಗಲೇಬೇಕು. ನಮ್ಮ ಕಾಲದಲ್ಲಿ ಮೊದಲನೆಯ ಬಿಲ್ಲನ್ನು ಕಂಡವರು ಲಕ್ಷಾಂತರ, ಎರಡನೆಯದನ್ನು ಮುಟ್ಟಿದವರು ಬೆರಳೆಣಿಕೆ.

ಕುಣಿಗಲ್ಲಿನಲ್ಲಿ ಕುದುರೆಗಳಿವೆ. ಜನಪದರು ಹಾಡಿ ಹೊಗಳಿದ ಕೆರೆಯ ಈ ಊರಿನಲ್ಲಿ, ಟಿಪ್ಪು ಸುಲ್ತಾನನ ಸೇನೆಗೆ ಕುದುರೆಗಳನ್ನು ಸಾಕುತ್ತಿದ್ದ ನಾನೂರು ಎಕರೆಗೂ ಮೀರಿದ ಹುಲ್ಲುಗಾವಲಿದೆ. ಕಡಲಾಚೆಯ ಕುದುರೆಗಾಗಿ ಕಾಯುತ್ತಿದ್ದ ನಾಡಿನಲ್ಲಿ ಅಂಥ ನೆಲದ ಬೆಲೆ ಎಷ್ಟೆಂಬುದನ್ನು ಊಹಿಸಬಹುದು. 1799ರ ತರುವಾಯ ಅದು ಇಂಗ್ಲಿಷರ ವಶವಾಯಿತು. ಮುಂದೆ ಜೂಜುಕುದುರೆಗಳ ತವರಾಗಿ ಹೆಸರು ಗಳಿಸಿತು. ಈಚಿನ ವರ್ಷಗಳಲ್ಲಿ ಅಲ್ಲಿ ಉಪನಗರವೊಂದನ್ನು ಕಟ್ಟುವ ಮಾತು ಸರ್ಕಾರದ ಮಟ್ಟದಲ್ಲಿ ಎದ್ದಿದೆ. ಹುಲ್ಲುಗಾವಲು ಉಳಿಯಲಿ ಎಂಬ ದನಿಯೂ ಅದರೊಂದಿಗೆ ಎದ್ದಿದೆ.

ಕುಣಿಗಲ್ಲಿನ ಕುದುರೆಗೂ ರಾವುತನ ಬಿಲ್ಲಿಗೂ ನಂಟು ಕೂಡಿ ಬರಲಿಲ್ಲವೆಂಬುದು ಚರಿತ್ರೆಯ ವಿನೋದ. ಟಿಪ್ಪುವಿನ ಕಾಲಕ್ಕೆ ಯುದ್ಧವು ತೋಪು, ಕೋವಿ, ಬಾಣಬಿರುಸುಗಳ ಕೈಗೆ ಹೋಗಿತ್ತು. ಕುದುರೆ ಮನೆಯಂಗಳದಲ್ಲಿ ಹುಟ್ಟುವ ವೇಳೆಗೆ ಬಿಲ್ಲು ಅಟ್ಟ ಸೇರಿತ್ತು. ಬಿಲ್ವಿದ್ಯೆಯನ್ನು ಯಾರೂ ನಿಷೇಧಿಸಲಿಲ್ಲ, ಯಾವ ಶತ್ರುವೂ ಕೆಡಿಸಲಿಲ್ಲ. ಕೇಳುವವರಿಲ್ಲದೆ ಅದು ತಾನಾಗಿ ಸುಮ್ಮನಾಯಿತು. ಮೇದರ ಕೈಯ ಜಾಣ್ಮೆಯೂ ಇಂದು ಅದೇ ಅಂಚಿನಲ್ಲಿ ನಿಂತಿದೆ. ಬಿಲ್ಲನ್ನು ಮತ್ತೆ ಕಟ್ಟುವವನಿಗೆ ಅಳತೆಗಳು ಪುಸ್ತಕದಲ್ಲಿ ಸಿಕ್ಕಾವು. ಬೊಂಬನ್ನು ತಟ್ಟಿದರೆ ಬರುವ ಸದ್ದಿನ ಅರ್ಥ ಪುಸ್ತಕದಲ್ಲಿ ಸಿಗದು.

ಹಾಗೆ ಕಟ್ಟಿದ ಬಿಲ್ಲನ್ನು ಊರ ಹೊರಗಿನ ಬಯಲಿನಲ್ಲಿ, ಹುಲ್ಲಿನ ಹೊರೆಯನ್ನು ಗುರಿಯಾಗಿಟ್ಟು, ಹಿಂದೆ ಮಣ್ಣಿನ ದಿಬ್ಬವಿರುವಂತೆ ನೋಡಿಕೊಂಡು ಪ್ರಯೋಗಿಸಬೇಕು. ಪ್ರಾಣಿಗಳ ಮೇಲೆ ಬಿಡುವ ಮಾತೇ ಬೇಡ. 1972ರ ವನ್ಯಜೀವಿ ಕಾಯಿದೆ ಬೇಟೆಯನ್ನು ನಿಲ್ಲಿಸಿದೆ. ರಾವುತರಂತೆ ಹೆಬ್ಬೆರಳಿನಿಂದ ಹೆದೆಯೆಳೆದು, ಅಂಬನ್ನು ಬಿಲ್ಲಿನ ಬಲಮಗ್ಗುಲಲ್ಲಿಡುವುದನ್ನು ಕಲಿಯಲು ಕುದುರೆ ಬೇಕಿಲ್ಲ. ಎರಡು ಕಾಲು ಸಾಕು. ಆಟ ಮುಗಿದ ಮೇಲೆ ಹೆದೆಯನ್ನು ಇಳಿಸಿಡಬೇಕು. ಹೆದೆಯೇರಿಯೇ ಇದ್ದ ಬಿಲ್ಲು ಬಾಗಿದಂತೆಯೇ ಉಳಿದು ಕಸುವು ಕಳೆದುಕೊಳ್ಳುತ್ತದೆ. ಹೆದೆಯೇರಿಸದೆ ವರ್ಷಗಟ್ಟಲೆ ಗೋಡೆಗೆ ನೇತುಹಾಕಿದ ಬಿಲ್ಲಾದರೋ ಒಣಗಿ ಸೆಟೆದು, ಎಳೆದ ದಿನವೇ ಮುರಿಯುತ್ತದೆ. ಆಗಾಗ ಏರಿಸಿ, ಆಗಾಗ ಇಳಿಸಿ, ಬಳಕೆಯಲ್ಲಿಟ್ಟುಕೊಂಡರೆ ಮಾತ್ರ ಅದು ಬಿಲ್ಲಾಗಿ ಉಳಿಯುತ್ತದೆ.