ಠೇವಣಿ ಇಲ್ಲದ ಚುನಾವಣೆ

ಊರಿನಲ್ಲಿ ಗಣೇಶೋತ್ಸವದ ಚಂದಾ ಪುಸ್ತಕ ಹಿಡಿಯಲೂ ಒಪ್ಪದವರು ಇಂಗ್ಲೆಂಡಿಗೆ ಓದಲು ಹೋದರೆ ಅಲ್ಲಿನ ಇಂಡಿಯನ್ ಸೊಸೈಟಿಯ ಅಧ್ಯಕ್ಷಗಿರಿಗೆ ನಿಲ್ಲುತ್ತಾರೆ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ಊರಿನಲ್ಲಿ ಸಂಜೆ ಕಳೆಯುವುದು ಹೇಗೆಂದು ತಿಳಿಯದೆ ಹೀಗಾಗುತ್ತದೆ ಎನ್ನುವುದು ನನ್ನ ಅಂದಾಜು. ಯಾರ್ಕ್‌ಷೈರಿನ ಒಂದು ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡಿಕೊಂಡಿದ್ದ ನನ್ನನ್ನು ನಿಲ್ಲಿಸಿದವನು ಪಕ್ಕದ ಕೋಣೆಯ ಧಾರವಾಡದ ಗೆಳೆಯ. "ನಿಂದರಪಾ, ಸೋತರ ಏನ್ ಹೋಗತೈತಿ? ಇಲ್ಲಿ ಠೇವಣಿ ಸೈತ ಇಲ್ಲ" ಎಂದ. ಅಮ್ಮನಿಗೆ ಫೋನಿನಲ್ಲಿ ತಿಳಿಸಿದೆ. "ನಿನ್ನನ್ನ ಓದೋಕೆ ಕಳಿಸಿದ್ದು ಕಣೋ, ಪುಢಾರಿ ಆಗೋಕಲ್ಲ" ಎಂದು ಗದರಿದಳು. ಸ್ವಲ್ಪ ಹೊತ್ತು ಬಿಟ್ಟು, "ಎದುರಿಗೆ ಯಾರ್ ನಿಂತಿದಾರೆ?" ಎಂದಳು.

ಎದುರಿಗೆ ಇಬ್ಬರು ನಿಂತಿದ್ದರು. ಒಬ್ಬ ದಿಲ್ಲಿಯ ಹುಡುಗ. ಗೆದ್ದರೆ ಪ್ರತಿ ಹಬ್ಬಕ್ಕೂ ಡಿಜೆ ತರಿಸುತ್ತೇನೆ ಎನ್ನುವುದೇ ಅವನ ಪ್ರಣಾಳಿಕೆ. ಇನ್ನೊಬ್ಬಳು ಲೆಸ್ಟರಿನಲ್ಲೇ ಹುಟ್ಟಿ ಬೆಳೆದ ಗುಜರಾತಿ ಹುಡುಗಿ. ಇವರಲ್ಲದೆ ಚೀಟಿಯಲ್ಲಿ ನಾಲ್ಕನೆಯ ಹೆಸರೊಂದಿತ್ತು: ರಾನ್. ಯಾರೀತ ಎಂದು ಕೇಳಿದೆ. ವ್ಯಕ್ತಿಯಲ್ಲವಂತೆ, 'ರೀಓಪನ್ ನಾಮಿನೇಷನ್ಸ್' ಅಂತೆ. ಇವರು ಯಾರೂ ಬೇಡ, ಹೊಸದಾಗಿ ನಾಮಪತ್ರ ಕರೆಯಿರಿ ಎನ್ನುವವರು ಅವನಿಗೆ ಮತ ಹಾಕಬೇಕು. ನಮ್ಮಲ್ಲಿ ಆಗಿನ್ನೂ ನೋಟಾ ಬಂದಿರಲಿಲ್ಲ. ಸುಪ್ರೀಂ ಕೋರ್ಟಿನ ತೀರ್ಪಿನಿಂದ ಅದು ಬಂದದ್ದು 2013ರಲ್ಲಿ. ಬಂದ ಮೇಲೂ ನೋಟಾಗೆ ಎಷ್ಟೇ ಮತ ಬೀಳಲಿ, ಅದರ ಹಿಂದಿರುವ ಮನುಷ್ಯನೇ ಶಾಸಕನಾಗುತ್ತಾನೆ. ರಾನ್ ಹಾಗಲ್ಲ. ಗೆದ್ದರೆ ನಿಜವಾಗಿಯೂ ಎಲ್ಲರನ್ನೂ ಮನೆಗೆ ಕಳಿಸುತ್ತಾನೆ. ಹುಡುಗಿಯ ಎದುರು ಸೋಲುವುದಿರಲಿ, ಇಲ್ಲದ ಮನುಷ್ಯನ ಎದುರು ಸೋತರೆ ಊರಿಗೆ ಏನೆಂದು ಹೇಳುವುದು ಎಂಬ ಚಿಂತೆ ನನಗೆ ಹತ್ತಿತು.

ಮತದಾನ ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಹಾಗೆ, ಒಂದು ಎರಡು ಮೂರು ಎಂದು ಪ್ರಾಶಸ್ತ್ಯ ಬರೆಯುವುದು. ಇದರಲ್ಲಿ ವಿಚಿತ್ರವೊಂದಿದೆ. ಸದಸ್ಯರಲ್ಲಿ ಬಹುಪಾಲು ಒಂದು ವರ್ಷದ ಎಂಎ, ಎಂಎಸ್ಸಿಗೆ ಬಂದವರು. ಚುನಾವಣೆ ಮಾರ್ಚಿನಲ್ಲಿ, ಹೊಸ ಸಮಿತಿ ಕೆಲಸ ಶುರುಮಾಡುವ ಹೊತ್ತಿಗೆ ಇವರು ಪ್ರಬಂಧ ಒಪ್ಪಿಸಿ ಗಂಟುಮೂಟೆ ಕಟ್ಟಿರುತ್ತಾರೆ. ಮತ ಹಾಕುವವರು ಒಬ್ಬರು, ಆ ಅಧ್ಯಕ್ಷನನ್ನು ಅನುಭವಿಸಬೇಕಾದವರು ಇನ್ನೂ ಹೈದರಾಬಾದಿನಲ್ಲಿ ಕೂತು ವೀಸಾ ಅರ್ಜಿ ತುಂಬುತ್ತಿರುವವರು. ಇಂಥ ಮತದಾರರಿಗೆ ಮುಂದಿನ ದೀಪಾವಳಿಯ ಭರವಸೆ ಕೊಟ್ಟು ಏನು ಫಲ? ಈ ಶನಿವಾರದ ಊಟ ಕೊಡಬೇಕು.

ಭಾಷಣಕ್ಕೆ ಸರಕು ಬೇಕೆಂದು ಲೈಬ್ರರಿಗೆ ಹೋದಾಗ ಸಿಕ್ಕಿದ್ದು ಮಜ್ಲಿಸ್‌ಗಳ, ಅಂದರೆ ಅಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಹಳೆಯ ಚರ್ಚಾಕೂಟಗಳ ಚರಿತ್ರೆ. ಕೇಂಬ್ರಿಜ್ ಮಜ್ಲಿಸ್ ಹುಟ್ಟಿದ್ದು 1891ರಲ್ಲಿ. ಅದೇ ಊರಿನಲ್ಲಿ ವೈದ್ಯರಾಗಿದ್ದ ಬಂಗಾಳದ ಉಪೇಂದ್ರ ಕೃಷ್ಣ ದತ್ತರ ಮನೆಯಲ್ಲಿ ಮೊದಮೊದಲ ಸಭೆಗಳು ಸೇರುತ್ತಿದ್ದವು. ಆ ಮನೆಯಲ್ಲಿ ಆಮೇಲೆ ಹುಟ್ಟಿದ ಹುಡುಗನೇ ಬ್ರಿಟಿಷ್ ಕಮ್ಯುನಿಸ್ಟ್ ಪಕ್ಷದ ರಜನಿ ಪಾಮೆ ದತ್ತ್. 1896ರಲ್ಲಿ ಆಕ್ಸ್‌ಫರ್ಡಿನವರೂ ತಮ್ಮದೊಂದು ಮಜ್ಲಿಸ್ ಕಟ್ಟಿಕೊಂಡರು. ಮುಂದೆ ನಮ್ಮ ಪಠ್ಯಪುಸ್ತಕಗಳಲ್ಲಿ ಚಿತ್ರವಾಗಿ ಕೂತ ಎಷ್ಟೋ ಮಂದಿ ಆ ಸಭೆಗಳಲ್ಲಿ ಹುಡುಗರಾಗಿ ಕೂತಿದ್ದರು.

ಅವರಲ್ಲಿ ನನಗೆ ಬಹಳ ಹಿಡಿಸಿದವರು ನೆಹರೂ. 1907ರಿಂದ 1910ರವರೆಗೆ ಟ್ರಿನಿಟಿ ಕಾಲೇಜಿನಲ್ಲಿದ್ದರು. ಅವರ ಕಾಲೇಜಿನ ಚರ್ಚಾಕೂಟದಲ್ಲಿ ಒಂದು ನಿಯಮವಿತ್ತು: ಇಡೀ ಟರ್ಮ್ ಬಾಯಿ ಬಿಡದ ಸದಸ್ಯ ದಂಡ ಕಟ್ಟಬೇಕು. ನೆಹರೂ ಎಷ್ಟೋ ಸಲ ದಂಡ ಕಟ್ಟಿದರಂತೆ. ಮಜ್ಲಿಸ್‌ಗೂ ಹೋಗುತ್ತಿದ್ದರು, ಅಲ್ಲೂ ಮಾತಾಡಿದ್ದು ಅಪರೂಪ. ಅಲ್ಲಿನ ರಾಜಕೀಯ ಚರ್ಚೆಗೆ ನೆಲದ ಸಂಬಂಧ ಕಡಿಮೆಯಿತ್ತು, ವಿಷಯಕ್ಕಿಂತ ಪಾರ್ಲಿಮೆಂಟಿನ ಹಾವಭಾವ ಅನುಕರಿಸುವುದರಲ್ಲೇ ಹುಡುಗರಿಗೆ ಆಸಕ್ತಿ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಇದನ್ನು ಓದಿ ನನಗೆ ಎಲ್ಲಿಲ್ಲದ ಧೈರ್ಯ ಬಂತು. ದಂಡ ಕಟ್ಟಿ ಸುಮ್ಮನೆ ಕೂತವರು 1947ರಲ್ಲಿ ನಡುರಾತ್ರಿ ಎದ್ದು ನಿಂತು ಅಂಥ ಭಾಷಣ ಮಾಡಿದರು. ಹಾವಭಾವದಲ್ಲಿ ಪಳಗಿದ್ದವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?

ಗೆಳೆಯನಿಗೆ ಈ ವೇದಾಂತ ರುಚಿಸಲಿಲ್ಲ. ಅವನಿಗೆ ಬೇಕಾಗಿದ್ದದ್ದು ಗೆದ್ದವರು. ಕೇಂಬ್ರಿಜ್ ಯೂನಿಯನ್ ಎಂಬ ಚರ್ಚಾಸಂಘಕ್ಕೆ 1938ರಲ್ಲಿ ಅಧ್ಯಕ್ಷರಾದ ಮೋಹನ್ ಕುಮಾರಮಂಗಲಂ ಅವರ ತಾಯಿ ರಾಧಾಬಾಯಿ ಮಂಗಳೂರಿನ ಕುದ್ಮುಲ್ ರಂಗರಾಯರ ಮಗಳು ಎಂದು ತೋರಿಸಿದೆ. "ಅಂದರ ತಾಯಿ ಕಡೆಯಿಂದ ನಮ್ಮಾಂವ" ಎಂದು ಅಷ್ಟಕ್ಕೆ ಅರ್ಧ ಒಪ್ಪಿದ. ಗಿರೀಶ ಕಾರ್ನಾಡರ ವಿಷಯ ಬಂದಾಗ ಮಾತ್ರ ಎದ್ದೇ ನಿಂತ. ಧಾರವಾಡದಲ್ಲಿ ಗಣಿತ ಓದಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ 1960ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ, ಅಲ್ಲಿಂದ ಬರುವುದರೊಳಗೆ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರೂ ಆದವರು. ನಡುವೆ 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ 'ಯಯಾತಿ' ಅಚ್ಚಾಗಿ ಬಂದಿತ್ತು. ಆ ಕಾಲದ ಯೂನಿಯನ್ನಿನಲ್ಲಿ ಬಹಿರಂಗವಾಗಿ ಮತ ಯಾಚಿಸುವುದಕ್ಕೇ ನಿಷೇಧವಿತ್ತು. ಭಾಷಣ ಕೇಳಿ ಜನ ತಾವಾಗಿ ಆರಿಸಬೇಕು. "ಮತಾ ಕೇಳದ ಗೆದ್ದಾನ ನಮ್ಮಾಂವ. ನಿನಗೇನ್ ದಾಡಿ? ಹೋಗಿ ಕೇಳ" ಎಂದು ನನ್ನನ್ನು ಹೊರಗಟ್ಟಿದ.

ಮತ ಕೇಳಲು ಹೋಗಬೇಕಾದದ್ದು ಹಾಸ್ಟೆಲಿನ ಅಡುಗೆಮನೆಗಳಿಗೆ. ಒಗ್ಗರಣೆಗೆ ಸಾಸಿವೆ ಹಾಕಿದರೆ ಹೊಗೆ ಅಲಾರಾಂ ಕೂಗಿ ಇಡೀ ಕಟ್ಟಡದವರು ಪೈಜಾಮದಲ್ಲಿ ಹುಲ್ಲಿನ ಮೇಲೆ ನಿಲ್ಲಬೇಕಾದ ಅಡುಗೆಮನೆಗಳು ಅವು. ನಮ್ಮ ಸೊಸೈಟಿಯ ನಿಯಮಾವಳಿಯಲ್ಲಿ 'ಇದು ಸಾಂಸ್ಕೃತಿಕ ಸಂಘ, ರಾಜಕೀಯಕ್ಕೆ ಸ್ಥಳವಿಲ್ಲ' ಎಂದು ಸ್ಪಷ್ಟವಾಗಿ ಬರೆದಿತ್ತು. ಮಜ್ಲಿಸ್‌ನವರು ಸಾಮ್ರಾಜ್ಯದ ಬಗ್ಗೆ ಹಗಲುರಾತ್ರಿ ಜಗಳವಾಡಿಯೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ನಾವು ರಾಜಕೀಯ ಬೇಡವೆಂದು ಬರೆದಿಟ್ಟುಕೊಂಡೆವು, ಇದ್ದಬದ್ದ ರಾಜಕೀಯವೆಲ್ಲ ಊಟದ ಪಟ್ಟಿಗೇ ಬಂದು ಕೂತಿತು. ದೀಪಾವಳಿ ಊಟದಲ್ಲಿ ಪನೀರ್ ಮಾತ್ರ ಏಕೆ, ಮಾಂಸ ಏಕಿಲ್ಲ? ಕೇರಳದವರು ಓಣಂ ಕೇಳಿದರೆ ದುಡ್ಡಿಲ್ಲ, ಹೋಳಿ ಹಬ್ಬಕ್ಕೆ ಮಾತ್ರ ಹೇಗಿದೆ? ಹಾಡೆಲ್ಲ ಹಿಂದಿಯವೇ ಏಕೆ? ನಾನು ಯುಗಾದಿಯನ್ನೂ ಸೇರಿಸುತ್ತೇನೆ ಎಂದೆ. ತೆಲುಗಿನವರು ಚಪ್ಪಾಳೆ ತಟ್ಟಿದರು. ಯುಗಾದಿ ಬರುವುದು ಈಸ್ಟರ್ ರಜೆಯ ಆಸುಪಾಸಿನಲ್ಲಿ, ಆಗ ಕ್ಯಾಂಪಸ್ಸಿನಲ್ಲಿ ಬಾತುಕೋಳಿಗಳ ಹೊರತು ಯಾರೂ ಇರುವುದಿಲ್ಲ ಎನ್ನುವುದು ಅವರಿಗೂ ಗೊತ್ತಿತ್ತು. ಬೇವಿನ ಸೊಪ್ಪು ಎಲ್ಲಿಂದ ತರುತ್ತೀ ಎಂದು ಯಾರೂ ಕೇಳಲಿಲ್ಲ. ಪ್ರಣಾಳಿಕೆಯನ್ನು ಅಷ್ಟು ಗಂಭೀರವಾಗಿ ಓದುವ ಮತದಾರರು ಎಲ್ಲಿಯೂ ಇಲ್ಲ.

ಮತದಾನಕ್ಕೆ ಮುಂಚೆ ಹಸ್ಟಿಂಗ್ಸ್ ಎಂದು ಒಂದು ಸಭೆ. ಅಭ್ಯರ್ಥಿಗಳೆಲ್ಲ ಒಟ್ಟಿಗೆ ನಿಂತು ಮಾತಾಡಬೇಕು, ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ನಾನು ಮಜ್ಲಿಸ್ ಚರಿತ್ರೆಯನ್ನೆಲ್ಲ ಬಿಚ್ಚಿದೆ. ದೇಶ ಎರಡಾದ ಮೇಲೂ ಕೇಂಬ್ರಿಜ್‌ನಲ್ಲಿ ಭಾರತ ಪಾಕಿಸ್ತಾನಗಳ ಹುಡುಗರು ಒಂದೇ ಮಜ್ಲಿಸ್‌ನಲ್ಲಿದ್ದರು, 1950ರ ದಶಕದಲ್ಲಿ ಅಮರ್ತ್ಯ ಸೇನ್ ಮತ್ತು ಆಮೇಲೆ ಬಾಂಗ್ಲಾದೇಶದ ದೊಡ್ಡ ಅರ್ಥಶಾಸ್ತ್ರಜ್ಞರಾದ ರೆಹಮಾನ್ ಸೋಭಾನ್ ಅಲ್ಲಿ ಜೊತೆಗಾರರು, ನಾವಾದರೋ ಪಾಕಿಸ್ತಾನಿ, ಬಾಂಗ್ಲಾ, ತಮಿಳು ಎಂದು ಬೇರೆಬೇರೆ ಸೊಸೈಟಿ ಮಾಡಿಕೊಂಡು ಒಂದೇ ಅನುದಾನಕ್ಕೆ ಬೇರೆಬೇರೆ ಅರ್ಜಿ ಹಾಕುತ್ತಿದ್ದೇವೆ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು.

ಆಮೇಲೆ ಪುಣೆಯ ಹುಡುಗನೊಬ್ಬ ಎದ್ದು ಲೆಸ್ಟರಿನ ಹುಡುಗಿಯನ್ನು ಕೇಳಿದ: ನೀನು ಇಂಡಿಯಾದಲ್ಲಿ ಒಂದು ದಿನವೂ ಬದುಕಿಲ್ಲ, ಪಾಸ್‌ಪೋರ್ಟ್ ಬ್ರಿಟಿಷರದು, ನೀನು ಹೇಗೆ ಇಂಡಿಯನ್ ಸೊಸೈಟಿಯ ಅಧ್ಯಕ್ಷಳಾಗುತ್ತೀ? ಈ ಪ್ರಶ್ನೆ ನಮ್ಮ ಕಡೆಯವರಿಗೆಲ್ಲ ಒಳಗೊಳಗೇ ಇತ್ತು, ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆವು. ಅವಳು ಸಿಟ್ಟಾಗಲಿಲ್ಲ. ತನ್ನ ಅಜ್ಜನಿಗೆ ಕಂಪಾಲಾದಲ್ಲಿ ಬಟ್ಟೆ ಅಂಗಡಿಯಿತ್ತು, 1972ರಲ್ಲಿ ಈದಿ ಅಮೀನ್ 90 ದಿನದೊಳಗೆ ದೇಶ ಬಿಡಿ ಎಂದ, ಇತ್ತ ಲೆಸ್ಟರಿನ ನಗರಸಭೆ ದಯವಿಟ್ಟು ನಮ್ಮೂರಿಗೆ ಬರಬೇಡಿ ಎಂದು ಉಗಾಂಡಾದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು, ಅಜ್ಜ ಅದೇ ಜಾಹೀರಾತಿನಿಂದ ಊರಿನ ಹೆಸರು ತಿಳಿದುಕೊಂಡು ಬಂದ ಎಂದಳು. "ಇಂಡಿಯನ್ ಅಂತ ನಮ್ಮಜ್ಜನನ್ನ ಒಂದು ದೇಶದಿಂದ ಓಡಿಸಿದರು. ಇಲ್ಲಿ ಕೂತಿರೋರಲ್ಲಿ ಇನ್ಯಾರನ್ನಾದರೂ ಓಡಿಸಿದ್ದಾರಾ?"

ಧಾರವಾಡದವನು ನನ್ನ ಕಿವಿಯಲ್ಲಿ, "ಮುಗೀತ ತಗೋ" ಎಂದ.

ಮುಗಿಯಿತು. ರಾನ್ ಮೊದಲು ಹೊರಬಿದ್ದ, ಆ ಮಟ್ಟಿಗೆ ನನ್ನ ಮಾನ ಉಳಿಯಿತು. ದಿಲ್ಲಿಯವನು ಬಿದ್ದಾಗ ಅವನ ಎರಡನೆಯ ಪ್ರಾಶಸ್ತ್ಯದ ಮತಗಳು ಬಹುಪಾಲು ಲೆಸ್ಟರಿನ ಕಡೆ ಹರಿದವು. ಆಗ ಬೇರೊಂದು ವಿಷಯ ಗಮನಕ್ಕೆ ಬಂತು: ಅಧ್ಯಕ್ಷರಾಗಲು ಮೂವರು ಬಡಿದಾಡಿದ್ದೆವು, ಖಜಾಂಚಿ ಸ್ಥಾನಕ್ಕೆ ಯಾರೂ ನಿಂತಿರಲಿಲ್ಲ. ಖಜಾಂಚಿಯ ಸಹಿ ಇಲ್ಲದೆ ದುಡ್ಡು ಹೊರಡುವುದಿಲ್ಲ. ನನ್ನನ್ನು ಕೇಳಿದರು. ಆಕ್ಸ್‌ಫರ್ಡ್ ಮಜ್ಲಿಸ್‌ನ ಖಜಾಂಚಿಯಾಗಿದ್ದ ಲಿಯಾಕತ್ ಅಲಿ ಖಾನ್ 1946ರ ಮಧ್ಯಂತರ ಸರ್ಕಾರದಲ್ಲಿ ಹಣಕಾಸು ನೋಡಿಕೊಂಡವರು, ಅವರ 1947ರ ಬಜೆಟ್ ದೊಡ್ಡ ಗದ್ದಲವೆಬ್ಬಿಸಿತ್ತು ಎಂದು ಓದಿದ್ದು ನೆನಪಾಯಿತು. ಪೆಟ್ಟಿಗೆ ಹಿಡಿದವನ ತಾಕತ್ತು ಅಧ್ಯಕ್ಷರಿಗೆ ಗೊತ್ತಿರುತ್ತದೆ. ಒಪ್ಪಿಕೊಂಡೆ.

ದೀಪಾವಳಿಗೆ ಬಾಡಿಗೆ ಹಿಡಿದ ಹಾಲಿನಲ್ಲಿ ಬೆಂಕಿ ಹಚ್ಚುವಂತಿಲ್ಲವೆಂದು ಬ್ಯಾಟರಿ ಹಣತೆಗಳ ಬಿಲ್ಲು ಬಂತು, ಸಹಿ ಹಾಕಿದೆ. ಗರ್ಬಾಕ್ಕೆ ಸ್ಪೀಕರ್ ಬಾಡಿಗೆ, ಹಾಕಿದೆ. ಜನವರಿಯಲ್ಲಿ ಯುಗಾದಿಯ ಅಂದಾಜುಪಟ್ಟಿ ಮಾಡಿ ಅಧ್ಯಕ್ಷೆಯ ಮುಂದಿಟ್ಟೆ. ಅವಳು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, ಕ್ಯಾಂಪಸ್ ಖಾಲಿ ಇರುತ್ತಲ್ಲ ಎಂದಳು. ಹಾಸ್ಟೆಲಿನಲ್ಲಿ ಉಳಿದವರಾದರೂ ಬರುತ್ತಾರೆ ಎಂದೆ. ಸ್ವಲ್ಪ ಯೋಚಿಸಿ ಪೆನ್ನು ತೆಗೆದಳು. "ಸರಿ. ಆದರೆ ಕೊನೆಯಲ್ಲಿ ಅರ್ಧ ಗಂಟೆ ಗರ್ಬಾ ಇಟ್ಟುಕೊಳ್ಳೋಣವಾ?"

ಸ್ಪೀಕರ್ ಬಾಡಿಗೆ ಎಷ್ಟಾಗುತ್ತದೆ ನೋಡಿ ಹೇಳುತ್ತೇನೆ ಎಂದೆ.