ಗೋಡೆ ಮೇಲಿನ ಎಂಒಯು (ಭಾಗ 5)

ಮೊದಲನೇ ಫೋಟೋ ನೋಡಿದ್ರಾ? ನಮ್ಮ ಕಾಲೇಜಿನ ಎರಡನೇ ಮಹಡಿ ಕಾರಿಡಾರ್. ಫ್ರೇಮ್ ಒಳಗೆ ಐದು ಜನ ಒಂದೇ ಫೈಲ್ ಹಿಡ್ಕೊಂಡು ನಗ್ತಾ ನಿಂತಿದ್ದಾರೆ. ಸೈಬರ್ ಸೆಕ್ಯುರಿಟಿ ತರಬೇತಿಗೆ ಒಂದು ಕಂಪನಿ ಜೊತೆ ಮಾಡ್ಕೊಂಡ ಒಪ್ಪಂದ ಅದು. ಮೂರು ವರ್ಷ ಅದರ ಮುಂದೇನೇ ಕ್ಯಾಂಟೀನಿಗೆ ಓಡಾಡಿದ್ದೀನಿ, ಒಂದು ಸಲಾನೂ ನಿಂತು ಓದಿರಲಿಲ್ಲ.

ಹೋದ ಭಾಗಕ್ಕೆ ಬಂದ ಕಾಮೆಂಟ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: "ಅಕ್ಕಾ, ಸೈಬರ್ ಸೆಕ್ಯುರಿಟಿಗೆ ಯಾವ ಕೋರ್ಸ್ ಮಾಡ್ಲಿ?" ಕೋರ್ಸ್ ಹೆಸರು ಆಮೇಲೆ. ಮೊದಲು ನನ್ನ ಕಥೆ ಕೇಳಿ.

ಮೂರನೇ ಸೆಮ್. ಇಂಟರ್ನಲ್ಸ್ ಮಾರ್ಕ್ಸ್ ನೋಡೋಕೆ ಕಾಲೇಜ್ ಪೋರ್ಟಲ್ ತೆಗೆದಿದ್ದೆ. ಮೇಲಿನ ವಿಳಾಸದ ಕೊನೇಲಿ ನನ್ನ ರೋಲ್ ನಂಬರ್ ಹಾಗೇ ಕಾಣ್ತಿತ್ತು. ಸುಮ್ನೆ ಒಂದಂಕಿ ಬದಲಾಯಿಸಿ ಎಂಟರ್ ಒತ್ತಿದೆ. ಪಕ್ಕದಲ್ಲಿ ಕೂತಿದ್ದ ಗೆಳತಿಯ ಮಾರ್ಕ್ಸ್, ಅವಳ ಅಪ್ಪನ ಫೋನ್ ನಂಬರ್, ಮನೆ ವಿಳಾಸ, ಎಲ್ಲಾ ಬಂತು. ಪಾಸ್‌ವರ್ಡ್ ಕೇಳಲೇ ಇಲ್ಲ. ಇದನ್ನ ಹ್ಯಾಕಿಂಗ್ ಅನ್ನೋಕೂ ನಾಚಿಕೆ. ಬಾಗಿಲಿಗೆ ಚಿಲಕಾನೇ ಇರಲಿಲ್ಲ ಅಷ್ಟೇ.

ಓಡಿ ಹೋಗಿ ಎಚ್‌ಒಡಿ ಸರ್‌ಗೆ ಹೇಳಿದೆ. ಭೇಷ್ ಅಂತಾರೆ ಅಂದ್ಕೊಂಡಿದ್ದೆ. ಅವರು ಕೇಳಿದ ಮೊದಲ ಮಾತು: "ಇದನ್ನ ಯಾರ್‍ಯಾರಿಗೆ ಹೇಳಿದೀಯಮ್ಮಾ?"

ಮಾರನೇ ದಿನ ಪ್ರಿನ್ಸಿಪಾಲ್ ರೂಮು, ಅಪಾಲಜಿ ಲೆಟರ್. ಅಪ್ಪಂಗೆ ಫೋನ್ ಬೇರೆ. ಅಪ್ಪ ಊರಿಂದ ಬಸ್ ಹತ್ತಿ ಬಂದು, ಏನು ಅಂತ ಗೊತ್ತಾಗದೇ ಕೈ ಮುಗಿದು ಹೋದ್ರು. ಅದನ್ನ ಮರೆಯೋಕೆ ಇನ್ನೂ ಆಗಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ತಪ್ಪು ಪೂರ್ತಿ ಅವರದ್ದಲ್ಲ. ಅನುಮತಿ ಇಲ್ಲದೇ ಬೇರೆಯವರ ಸಿಸ್ಟಮ್ ಒಳಗೆ ಹೋಗೋದು 2000ದ ಐಟಿ ಕಾಯ್ದೆ ಪ್ರಕಾರ ಅಪರಾಧ ಆಗಬಹುದು. ಸೆಕ್ಷನ್ 66ರಲ್ಲಿ ಮೂರು ವರ್ಷದವರೆಗೆ ಜೈಲು, ಇಲ್ಲಾ 5 ಲಕ್ಷದವರೆಗೆ ದಂಡ, ಇಲ್ಲಾ ಎರಡೂ ಇದೆ. ನನಗದು ಗೊತ್ತಿರಲಿಲ್ಲ. ಇಂಥ ಲೋಪ ಕಂಡರೆ ಸರ್ಟ್-ಇನ್ ಅನ್ನೋ ಕೇಂದ್ರ ಸರ್ಕಾರದ ಸಂಸ್ಥೆಗೆ ತಿಳಿಸೋ ದಾರಿ ಇದೆ ಅಂತಾನೂ ಗೊತ್ತಿರಲಿಲ್ಲ. ಕಲಿಸಿದವರು ಯಾರು? ಸಿಲೆಬಸ್‌ನಲ್ಲಿ ಕ್ರಿಪ್ಟೋಗ್ರಫಿ ಇತ್ತು, ಲೆಕ್ಕ ಮಾಡಿ ಮಾರ್ಕ್ಸ್ ತಗೊಂಡ್ವಿ.

ಆಮೇಲೆ ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ.

ತಿರುಗಿ ತಂದಿದ್ದು ಬೆಂಗಳೂರಲ್ಲಿ ನಡೆದ ಒಂದು ಹ್ಯಾಕಥಾನ್. ದಾವಣಗೆರೆಯಿಂದ ರಾತ್ರಿ ಬಸ್ಸಲ್ಲಿ ನಾಲ್ಕು ಜನ ಹೋದ್ವಿ. ಅಲ್ಲಿ ಒಬ್ಬ ಸಬ್ ಇನ್ಸ್‌ಪೆಕ್ಟರ್ ನಮ್ಮ ಟೇಬಲ್‌ಗೇ ಬಂದು ಕೂತು, ಪೇಪರ್ ಮೇಲೆ ಬಾಣ ಬರೀತಾ ಹೋದ್ರು. ಮೋಸ ಹೋದವರ ದುಡ್ಡು ಒಂದು ಖಾತೆಗೆ ಹೋಗುತ್ತೆ, ಅಲ್ಲಿಂದ ಐದಕ್ಕೆ ಒಡೆಯುತ್ತೆ, ಆ ಐದರಿಂದ ಇನ್ನಷ್ಟಕ್ಕೆ. 1930ಕ್ಕೆ ಬೇಗ ಫೋನ್ ಬಂದ್ರೆ ಎಲ್ಲೋ ಒಂದು ಕಡೆ ತಡೀಬಹುದು. ತಡವಾದ್ರೆ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳ ರಾಶಿ ಇಟ್ಕೊಂಡು ಎಕ್ಸೆಲ್‌ನಲ್ಲಿ ಹುಡುಕ್ತಾ ಕೂರಬೇಕು. "ಇದನ್ನ ನಿಮ್ಮಂಥೋರು ಒಂದು ಪ್ರೋಗ್ರಾಂ ಬರೆದು ಮಾಡಬಹುದಲ್ವಾ?" ಅಂದ್ರು. ಗ್ರಾಫ್ ಥಿಯರಿ ಯಾಕೆ ಓದಬೇಕು ಅಂತ ನನಗೆ ಅರ್ಥ ಆಗಿದ್ದು ಆ ಮಧ್ಯಾಹ್ನ.

ಯೋಚನೆ ಮಾಡಿ. ಪೊಲೀಸರ ಹತ್ರ ನಿಜವಾದ ಕೇಸ್ ಇದೆ, ಕೋಡ್ ಬರೆಯೋರು ಕಮ್ಮಿ. ಕಂಪನಿಗಳ ಹತ್ರ ಟೂಲ್ ಇದೆ, ದಿನಾ ದಾಳಿ ಎದುರಿಸೋ ಅನುಭವ ಇದೆ, ಆದ್ರೆ ಫ್ರೆಶರ್ ಕೆಲಸಕ್ಕೂ ಎರಡು ವರ್ಷ ಅನುಭವ ಕೇಳ್ತಾರೆ. ಕಾಲೇಜಲ್ಲಿ ಹುಡುಗರು ಇದ್ದಾರೆ, ಟೈಮ್ ಇದೆ, ಒಡೆದು ನೋಡೋಕೆ ಏನೂ ಇಲ್ಲ.

ಮೂವರನ್ನೂ ಒಂದೇ ಕಡೆ ಕೂರಿಸೋ ಪ್ರಯತ್ನ ನಮ್ಮ ರಾಜ್ಯದಲ್ಲಿ ಆಗಿದೆ. 2020ರಲ್ಲಿ ಸಿಐಡಿ ಕೇಂದ್ರ ಕಚೇರಿಯಲ್ಲಿ ಇನ್ಫೋಸಿಸ್ ಫೌಂಡೇಷನ್ ದುಡ್ಡು, ಡಿಎಸ್‌ಸಿಐ ಸಹಾಯದಿಂದ ಸೈಬರ್ ಅಪರಾಧ ತನಿಖೆಯ ತರಬೇತಿ ಕೇಂದ್ರ ಶುರುವಾಯ್ತು. ಸರ್ಕಾರದ ಸೈಸೆಕ್ ಕೇಂದ್ರ ಐಐಎಸ್‌ಸಿಯನ್ನ ನೆಲೆ ಮಾಡ್ಕೊಂಡಿದೆ. 2024ರ ಆಗಸ್ಟ್‌ನಲ್ಲಿ ರಾಜ್ಯದ ಸೈಬರ್ ಭದ್ರತಾ ನೀತಿ ಬಂತು, ಸಿಸ್ಕೋ ಜೊತೆ ಸೇರಿ 40,000 ಜನಕ್ಕೆ ತರಬೇತಿ ಅಂತ ಘೋಷಣೆ ಆಯ್ತು, ಅದರಲ್ಲಿ ಅರ್ಧ ಹೆಣ್ಣುಮಕ್ಕಳು. ಒಳ್ಳೇದೇ. ಆದ್ರೆ ನನಗೆ ದೊಡ್ಡ ಸಂಖ್ಯೆ ಅಂದ್ರೆ ಸ್ವಲ್ಪ ಅನುಮಾನ. 2013ರ ರಾಷ್ಟ್ರೀಯ ನೀತಿಯಲ್ಲೂ ಐದು ವರ್ಷದಲ್ಲಿ 5 ಲಕ್ಷ ಪರಿಣತರು ಅಂತ ಬರೆದಿತ್ತು. ವಿಡಿಯೋ ನೋಡಿ, ಕ್ವಿಜ್ ಮುಗಿಸಿ, ಸರ್ಟಿಫಿಕೇಟ್ ಡೌನ್‌ಲೋಡ್ ಮಾಡ್ಕೊಂಡೋರು ನನ್ನ ಕ್ಲಾಸಲ್ಲೇ ಎಷ್ಟೋ ಜನ ಇದ್ದಾರೆ. (ನಾನೂ ಸೇರಿ. ಎರಡು ಇದೆ.) ಆ ಸಬ್ ಇನ್ಸ್‌ಪೆಕ್ಟರ್ ಪಕ್ಕ ಕೂತ ಎರಡು ಗಂಟೇಲಿ ಕಲಿತಷ್ಟು ಅದರಲ್ಲಿ ಕಲೀಲಿಲ್ಲ.

ವಾಪಸ್ ಬಂದ ಮೇಲೆ ಗೋಡೆ ಮೇಲಿನ ಆ ಎಂಒಯು ಓದಿದೆ. ಕೆಳಗೆ ಸಹಿ ಹಾಕಿದವರ ಹೆಸರಿತ್ತು. ಕಂಪನಿಗೆ ಮೇಲ್ ಹಾಕಿದ್ರೆ, ಅವರು ಕೆಲಸ ಬಿಟ್ಟು ಬಹಳ ದಿನ ಆಯ್ತು ಅಂತ ಉತ್ತರ ಬಂತು. ಆದ್ರೆ ಉತ್ತರ ಬರೆದ ಇಂಜಿನಿಯರ್ ಹರಿಹರದವರು. ತಿಂಗಳಿಗೊಂದು ಶನಿವಾರ ವಿಡಿಯೋ ಕಾಲ್‌ನಲ್ಲಿ ಬರ್ತೀನಿ ಅಂದ್ರು.

ಧೈರ್ಯ ಮಾಡಿ ಮತ್ತೆ ಅದೇ ಎಚ್‌ಒಡಿ ಸರ್ ಹತ್ರ ಹೋದೆ. ಈ ಸಲ ಕೈಯಲ್ಲಿ ಅರ್ಜಿ ಇತ್ತು: ಪೋರ್ಟಲ್‌ನ ಒಂದು ನಕಲು, ಒಳಗೆ ಸುಳ್ಳು ಹೆಸರು, ಸುಳ್ಳು ಮಾರ್ಕ್ಸ್, ಎರಡು ಹಳೇ ಕಂಪ್ಯೂಟರ್, ಶನಿವಾರ 2ರಿಂದ 4. ಸರ್ ಮೂರು ವಾರ ಸತಾಯಿಸಿದ್ರು. ಆಮೇಲೆ ಸೀಲ್ ಒತ್ತಿ ಕೊಟ್ಟರು. ಎರಡನೇ ಫೋಟೋ ಅದೇ.

ಮೊದಲ ಶನಿವಾರ 11 ಜನ ಬಂದ್ರು. ಮೊದಲನೇ ವರ್ಷದ ಒಬ್ಬಳು, ಹಳ್ಳಿಯಲ್ಲಿ ಕನ್ನಡ ಮೀಡಿಯಂ ಓದಿದೋಳು, 40 ನಿಮಿಷದಲ್ಲಿ ಒಂದು ತೂತು ಹುಡುಕಿದ್ಳು. ನನಗೆ ಸಿಕ್ಕಿದ್ದಕ್ಕಿಂತ ದೊಡ್ಡದು. ಬಾಗಿಲ ಹತ್ರ ನಿಂತು ನೋಡ್ತಿದ್ದ ಸರ್ ಅದೇ ಹಳೇ ಪ್ರಶ್ನೆ ಕೇಳಿದ್ರು: "ಯಾರ್‍ಯಾರಿಗೆ ಹೇಳಿದೀಯಮ್ಮಾ?"

"ನಿಮಗೇ ಸರ್, ಮೊದಲು," ಅಂದ್ಳು.

ಸರ್ ಕುರ್ಚಿ ಎಳ್ಕೊಂಡು ಅವಳ ಪಕ್ಕ ಕೂತ್ರು. "ಎಲ್ಲಿ, ಇನ್ನೊಂದ್ಸಲ ತೋರ್ಸು."